ಹತ್ತು ಅಂಕದ ಪ್ರಶ್ನೆ

ಜೂನ್ 9

ತಮ್ಮಾ,

ನಿನ್ನ ಪುಸ್ತಕ ಶಾಲೆಗೆ ಬಂತು. ಹತ್ತನೆಯ ತರಗತಿಯ ವಿಶ್ವ ಇತಿಹಾಸ, ಹೊಸ ಮುದ್ರಣ, ನಲವತ್ತೊಂದು ಪ್ರತಿ. ಕಟ್ಟನ್ನು ಯಾರಿಗೂ ಬಿಡದೆ ನಾನೇ ಬಿಚ್ಚಿದೆ. ಒಳಪುಟದಲ್ಲಿ ನಿನ್ನ ಹೆಸರು. ಗಣಿತದ ಮೇಷ್ಟ್ರಿಗೆ, ಜವಾನನಿಗೆ, ಕೊನೆಗೆ ನಲ್ಲಿ ರಿಪೇರಿಗೆ ಬಂದವನಿಗೂ ತೋರಿಸಿದೆ. "ಇವನು ನನ್ನ ತಮ್ಮ, ಇವನಿಗೆ ಅಕ್ಷರ ತಿದ್ದಿಸಿದ್ದು ನಾನೇ" ಎಂದೆ. ಸಂಜೆಯವರೆಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಮನೆಗೆ ತಂದು ಓದಿದ ಮೇಲೆ ನಿಂತಿತು.

ಹದಿನೆಂಟು ಪಾಠ. ಅದರಲ್ಲಿ ಹದಿನಾಲ್ಕು ಯುರೋಪಿನದು. ಉಳಿದ ಭೂಮಿಗೆಲ್ಲ ಸೇರಿಸಿ ನಾಲ್ಕು, ಅದರಲ್ಲೂ ಒಂದರ ಹೆಸರು 'ಇತರ ನಾಡುಗಳು'. ಅವರು ಕಲ್ಲು ಕೆತ್ತಿದರೆ ಕಲೆ, ನಾವು ಕೆತ್ತಿದರೆ ಕರಕುಶಲ. ಅವರು ಯೋಚಿಸಿದರೆ ತತ್ವಶಾಸ್ತ್ರ, ನಾವು ಯೋಚಿಸಿದರೆ ನಂಬಿಕೆ. ಅವರ ಮನೆಯಲ್ಲಿ ದೀಪ ಆರಿದ್ದಕ್ಕೆ ಇಡೀ ಜಗತ್ತಿಗೆ 'ಕತ್ತಲೆಯ ಯುಗ'. 'ದೂರಪ್ರಾಚ್ಯ' ಎಂದು ಬರೆದಿದ್ದೀಯಲ್ಲ, ಯಾರ ಮನೆಯ ಬಾಗಿಲಿನಿಂದ ದೂರ? ಹಿತ್ತಲ ಗಿಡ ಮದ್ದಲ್ಲ ಎನ್ನುವವರನ್ನು ಕಂಡಿದ್ದೆ. ಹಿತ್ತಲೇ ಇಲ್ಲ ಎನ್ನುವವನನ್ನು ಈಗ ಕಂಡೆ.

ಇದನ್ನೆಲ್ಲ ನುಂಗಿಕೊಳ್ಳುತ್ತಿದ್ದೆನೇನೋ. ಆದರೆ ಒಂಬತ್ತನೆಯ ಪಾಠ ನಮ್ಮೂರಿನದು. "ಈ ಕರಾವಳಿಯನ್ನು ಯುರೋಪಿನ ನಾಯಕನೊಬ್ಬನು ಕಂಡುಹಿಡಿದನು. ಅಂದಿನಿಂದ ಇದು ಜಗತ್ತಿನ ಇತಿಹಾಸವನ್ನು ಪ್ರವೇಶಿಸಿತು."

ಅಪ್ಪ ಓದಿ ಹೇಳು ಎಂದರು. ಓದಿದೆ. ಮೂವತ್ತಾರು ವರ್ಷ ಈ ಬಂದರಿನಲ್ಲಿ ಪೈಲಟ್ ಆಗಿದ್ದವರು, ಹೊರಗಿನಿಂದ ಬಂದ ಹಡಗಿಗೆ ಹಗ್ಗದ ಏಣಿ ಹತ್ತಿ, ಮರಳುದಿಣ್ಣೆಗಳ ನಡುವೆ ದಾರಿ ತೋರಿಸಿ ಒಳಗೆ ತಂದವರು. ಕೇಳಿ ಒಂದೇ ಮಾತು ಕೇಳಿದರು. "ಸರಿ, ಆ ಹಡಗನ್ನ ಒಳಗೆ ತಂದೋನು ಯಾರು ಅಂತ ಬರೆದಿದಾನಾ?"

ನಾನು ಪುಟ ತಿರುಗಿಸುವ ನಾಟಕ ಮಾಡಿದೆ. ಉತ್ತರ ಬರೆ. ನನಗಲ್ಲ, ಅವರಿಗೆ.

ನಿನ್ನ ಅಕ್ಕ

ಜೂನ್ 27

ಅಕ್ಕಾ,

ನಿನ್ನ ಕಾಗದ ಓದಿ ಬೇಜಾರಾಯಿತು. ಹೊಗಳಬೇಕಿತ್ತು ಎಂದಲ್ಲ, ಅರ್ಥ ಮಾಡಿಕೊಳ್ಳುತ್ತೀಯ ಎಂದುಕೊಂಡಿದ್ದೆ.

ಪಠ್ಯಪುಸ್ತಕವನ್ನು ಒಬ್ಬನೇ ಬರೆಯುವುದಿಲ್ಲ. ಏಳು ಜನರ ಸಮಿತಿ ಇದೆ, ಮೇಲಿನಿಂದ ಪಾಠಗಳ ಪಟ್ಟಿ ಬರುತ್ತದೆ, ಇಷ್ಟು ಪುಟ ಎಂದು ಮಿತಿ ಇರುತ್ತದೆ. ವಿಶ್ವ ಇತಿಹಾಸಕ್ಕೆ ಒಂದು ಬೆನ್ನುಮೂಳೆ ಬೇಕು. ಎಲ್ಲರ ಮನೆಯ ಕಥೆಯನ್ನೂ ಸೇರಿಸಿದರೆ ಅದು ಸಂತೆಯಾಗುತ್ತದೆ. ಯುರೋಪಿನವರು ಬರೆದಿಟ್ಟರು, ಅದಕ್ಕೇ ಉಳಿಯಿತು. ಇತಿಹಾಸಕ್ಕೆ ಆಧಾರ ಬೇಕು, ದಾಖಲೆ ಬೇಕು. ಅಪ್ಪನ ಅನುಭವದ ಮೇಲೆ ನನಗೆ ಗೌರವವಿದೆ, ಆದರೆ ಅದು ಆಧಾರವಲ್ಲ.

'ಕಂಡುಹಿಡಿದನು' ಎಂಬುದು ಒಂದು ಪಾರಿಭಾಷಿಕ ಪದ. ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಅಪ್ಪನ ಮಂಡಿನೋವು ಹೇಗಿದೆ? ಬಂದರಿನ ಮೆಟ್ಟಿಲು ಇಳಿಯಲು ಬಿಡಬೇಡ.

ನಿನ್ನ ತಮ್ಮ

ಜುಲೈ 14

ಪಾರಿಭಾಷಿಕ ಪದಗಳ ಪಂಡಿತನಿಗೆ,

ಅಪ್ಪನ ಮಂಡಿ ಚೆನ್ನಾಗಿದೆ. ಇವತ್ತು ನಲವತ್ತೊಂದು ಮಕ್ಕಳನ್ನು ಕರೆದುಕೊಂಡು ಮೆಟ್ಟಿಲು ಇಳಿದರು. ನಾನೇ ಕರೆಸಿದೆ. ಒಂಬತ್ತನೆಯ ಪಾಠವನ್ನು ತರಗತಿಯಲ್ಲಿ ಓದಲು ನನ್ನ ನಾಲಿಗೆ ಹೊರಳಲಿಲ್ಲ, ಅದಕ್ಕೆ ಬಂದರಿಗೆ ಹೋದೆವು.

ಇಳಿತದ ಹೊತ್ತು. ನದಿ ಸಮುದ್ರ ಸೇರುವ ಜಾಗದಲ್ಲಿ ನೀರು ಇಳಿದು ದಿಣ್ಣೆಗಳ ಬೆನ್ನು ಕಾಣುತ್ತಿತ್ತು. ಅಪ್ಪ ಕೋಲಿನಿಂದ ತೋರಿಸಿದರು: "ನೋಡಿ, ಇದು ಒಂದು, ಅಲ್ಲಿ ಇನ್ನೊಂದು, ಆ ಬಿಳಿ ನೊರೆ ಏಳ್ತಿದೆಯಲ್ಲ ಅಲ್ಲಿ ಮೂರನೇದು. ಪ್ರತಿ ಮಳೆಗಾಲ ಆದ್ಮೇಲೆ ಇವು ಜಾಗ ಬದಲಾಯಿಸ್ತವೆ. ಹೊರಗಿನೋನಿಗೆ ಎಷ್ಟು ದೊಡ್ಡ ಹಡಗಿದ್ರೂ ಸರಿ, ಎಂಥಾ ನಕ್ಷೆ ಇದ್ರೂ ಸರಿ, ಇಲ್ಲಿಯೋನು ಒಬ್ಬ ಹತ್ತದೆ ಒಳಗೆ ಬರೋಕಾಗಲ್ಲ. ಅವತ್ತೂ ಅಷ್ಟೇ, ಇವತ್ತೂ ಅಷ್ಟೇ."

ನನ್ನ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಾಳೆ. ಎಲ್ಲದಕ್ಕೂ ಯಾಕೆ ಎಂದು ಕೇಳುತ್ತಾಳೆಂದು ಮಕ್ಕಳೆಲ್ಲ 'ಯಾಕಮ್ಮ' ಎಂದೇ ಕರೆಯುವುದು. ಬಲೆ ಹೆಣೆಯುವವರ ಮನೆಯವಳು. ಅವಳು ಕೇಳಿದಳು: "ತಾತ, ಹಂಗಾದ್ರೆ ಆ ನಾಯಕ ಬರೋಕ್ ಮುಂಚೆ ಇಲ್ಲಿ ಯಾರಾದ್ರೂ ಇದ್ರಾ?"

"ಇಲ್ದೆ? ನಿಮ್ಮಜ್ಜಿಯ ಅಜ್ಜಿ ಇದ್ಲು. ಬಲೆ ಒಣಗಾಕ್ತಾ ಇದ್ಲು. ಯಾರಪ್ಪಾ ಇದು, ದಾರಿ ತಪ್ಪಿ ನಿಂತಿರೋದು ಅಂತ ನೋಡಿರ್ತಾಳೆ."

ಮಕ್ಕಳು ಬಿದ್ದು ಬಿದ್ದು ನಕ್ಕರು.

ಈಗ ನಿನಗೆ ಒಂದು ಪ್ರಶ್ನೆ. ಆ ನಾಯಕ ದಿನಚರಿ ಬರೆದಿದ್ದಾನೆ. ಅದನ್ನು ಓದಲೆಂದೇ ನೀನು ಮೂರು ವರ್ಷ ಅವನ ದೇಶದ ಗ್ರಂಥಾಲಯದಲ್ಲಿ ಕೂತಿದ್ದೆ. ದಾಖಲೆ ದಾಖಲೆ ಎನ್ನುತ್ತೀಯಲ್ಲ, ಅದು ಅವನದೇ ದಾಖಲೆ. ಒಳಗೆ ಹೇಗೆ ಬಂದೆ ಎಂದು ಅವನು ಬರೆಯದೆ ಇರಲು ಸಾಧ್ಯವೇ ಇಲ್ಲ. ಇಲ್ಲಿಯವನೊಬ್ಬ ದಾರಿ ತೋರಿಸಿದ ಎಂದು ಬರೆದಿದ್ದಾನೆಯೇ? ಹೌದು ಅಥವಾ ಇಲ್ಲ ಎಂದರೆ ಸಾಕು.

ಅಕ್ಕ

ಡಿಸೆಂಬರ್ 2

ಅಕ್ಕಾ,

ತಡವಾಗಿ ಬರೆಯುತ್ತಿದ್ದೇನೆ. ಕೆಲಸ ಬಹಳ.

ಮಾರ್ಚ್ ಪರೀಕ್ಷೆಗೆ ಪ್ರಶ್ನೆಪತ್ರಿಕೆ ಸಿದ್ಧವಾಗುತ್ತಿದೆ. ಅದರ ಬಗ್ಗೆ ನಾನು ಏನೂ ಹೇಳಬಾರದು, ಹೇಳುವುದೂ ಇಲ್ಲ. ಮಕ್ಕಳಿಗೆ ಪುಸ್ತಕದಲ್ಲಿ ಇರುವುದನ್ನು ಓದಿಸು. ಇದನ್ನು ನಿನ್ನ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ.

ಅಪ್ಪನಿಗೆ ನಮಸ್ಕಾರ.

ತಮ್ಮ

ಮೇ 6

ನಿನ್ನನ್ನು ಏನೆಂದು ಕರೆಯಬೇಕೋ ಗೊತ್ತಾಗುತ್ತಿಲ್ಲ. 'ವಿಷಯ ತಜ್ಞರು' ಎನ್ನಲೇ? ಸರ್ಕಾರದ ನೋಟೀಸಿನಲ್ಲಿ ಹಾಗೆಯೇ ಇದೆ.

ನಿನಗೆ ಗೊತ್ತಿರುವುದನ್ನೇ ಹೇಳುತ್ತೇನೆ, ನನ್ನ ಬಾಯಿಂದ ಒಮ್ಮೆ ಕೇಳು. ಹತ್ತು ಅಂಕದ ಪ್ರಶ್ನೆ: "ನಮ್ಮ ಕರಾವಳಿಯನ್ನು ಕಂಡುಹಿಡಿದವರು ಯಾರು? ಅದರ ಪರಿಣಾಮಗಳನ್ನು ವಿವರಿಸಿ." ನನ್ನ ನಲವತ್ತೊಂದು ಮಕ್ಕಳೂ ಬರೆದರು: "ನಮ್ಮ ಕರಾವಳಿಯನ್ನು ಯಾರೂ ಕಂಡುಹಿಡಿಯಲಿಲ್ಲ. ಅದು ಇಲ್ಲೇ ಇತ್ತು, ನಾವೂ ಇಲ್ಲೇ ಇದ್ದೆವು. ಹೊರಗಿನ ಹಡಗೊಂದು ಬಂತು. ಇಲ್ಲಿಯವರು ಅದಕ್ಕೆ ದಾರಿ ತೋರಿಸಿದರು." ಆಮೇಲೆ ಪರಿಣಾಮಗಳು. ಅದನ್ನು ನಿನಗಿಂತ ಚೆನ್ನಾಗಿಯೇ ಬರೆದಿದ್ದಾರೆ.

ಎಲ್ಲರಿಗೂ ಸೊನ್ನೆ. ಅಷ್ಟಕ್ಕೇ ಬಿಡಲಿಲ್ಲ. ನಲವತ್ತೊಂದು ಜನ ಒಂದೇ ತರಹದ ತಪ್ಪು ಉತ್ತರ ಬರೆದದ್ದರಿಂದ 'ಸಾಮೂಹಿಕ ನಕಲು' ಎಂದು ಇಡೀ ಶಾಲೆಯ ಫಲಿತಾಂಶ ತಡೆಹಿಡಿದಿದ್ದಾರೆ. ಪುಸ್ತಕದ ಸಾಲನ್ನು ಅಕ್ಷರ ಬಿಡದೆ ಕಕ್ಕಿದರೆ ಅದು ವಿದ್ಯೆ. ಕಣ್ಣಾರೆ ಕಂಡದ್ದನ್ನು ತಮ್ಮ ಮಾತಿನಲ್ಲಿ ಬರೆದರೆ ನಕಲು! ನನ್ನ ಮೇಲೆ ವಿಚಾರಣೆ.

ಇದನ್ನೂ ತಡೆದುಕೊಂಡೆ. ನೋಟೀಸಿನ ಜೊತೆ ಒಂದು ಹಾಳೆ ಇತ್ತು. "ಸದರಿ ಉತ್ತರವು ಪಠ್ಯಪುಸ್ತಕಕ್ಕೆ ಅನುಗುಣವಾಗಿದೆಯೇ?" ಕೆಳಗೆ ಒಂದು ಸಾಲು: "ಇಲ್ಲ. ಇದಕ್ಕೆ ಯಾವುದೇ ಆಧಾರವಿಲ್ಲ." ಅದರ ಕೆಳಗೆ ಸಹಿ. ಆ ಸಹಿಯ ಮೊದಲ ಅಕ್ಷರದ ಕೊಂಬನ್ನು ಎಳೆಯುವುದು ನಾನು ಕಲಿಸಿದ್ದು. ಸ್ಲೇಟಿನ ಮೇಲೆ, ನಿನ್ನ ಕೈ ಹಿಡಿದು.

ಉಂಡ ಮನೆಯ ಗಳ ಎಣಿಸುವವರ ಬಗ್ಗೆ ಕೇಳಿದ್ದೆ. ನೀನು ಗಳ ಎಣಿಸಿ, ಪಟ್ಟಿ ಮಾಡಿ, ಸಹಿಯನ್ನೂ ಹಾಕಿ ಕೊಟ್ಟೆ. ಜುಲೈಯಲ್ಲಿ ಒಂದು ಪ್ರಶ್ನೆ ಕೇಳಿದ್ದೆ. ಐದು ತಿಂಗಳು ಬಾಯಿಬಿಡದೆ ಕೂತು, 'ಕೆಲಸ ಬಹಳ' ಎಂದು ಬರೆದೆ. ಆಗಲೇ ನನಗೆ ತಿಳಿಯಬೇಕಿತ್ತು. ಗೊತ್ತಿಲ್ಲದವನು ಗೊತ್ತಿಲ್ಲ ಎನ್ನುತ್ತಾನೆ. ಸುಮ್ಮನಿರುವವನಿಗೆ ಗೊತ್ತಿರುತ್ತದೆ.

ಸಹಿಯನ್ನು ಅಪ್ಪನಿಗೆ ತೋರಿಸಿಲ್ಲ. ತೋರಿಸುವ ಧೈರ್ಯ ನನಗಿಲ್ಲ.

ಈ ಕಾಗದಕ್ಕೆ ಉತ್ತರ ಬೇಡ.

ಮೇ 13

ಅಕ್ಕಾ,

ಬೇಡ ಎಂದರೂ ಬರೆಯುತ್ತಿದ್ದೇನೆ. ಬರೆದದ್ದನ್ನು ಹರಿದು, ಮತ್ತೆ ಬರೆದು, ಇದು ನಾಲ್ಕನೆಯ ಸಲ.

ದಿನಚರಿಯಲ್ಲಿ ಇದೆ. ನನ್ನ ಕೈಯಿಂದಲೇ ಮಾಡಿಕೊಂಡಿದ್ದ ಅನುವಾದವನ್ನು ಇಲ್ಲಿ ಹಾಗೆಯೇ ಇಳಿಸುತ್ತಿದ್ದೇನೆ:

"ಮೂರು ದಿನ ಹೊರಗೆ ಕಾದೆವು, ಒಳಹೋಗುವ ದಾರಿ ತಿಳಿಯಲಿಲ್ಲ. ನಾಲ್ಕನೆಯ ದಿನ ಒಂದು ಮೀನುದೋಣಿಯಿಂದ ಒಬ್ಬನನ್ನು ಹಿಡಿದು ತಂದೆವು. ಅವನು ನಮ್ಮನ್ನು ದಿಣ್ಣೆಗಳ ನಡುವೆ ಸುರಕ್ಷಿತವಾಗಿ ಕರೆದೊಯ್ದನು. ಒಳಗೆ ನಾನಾ ದೇಶಗಳ ಇಪ್ಪತ್ತೆರಡು ಹಡಗುಗಳು ಲಂಗರು ಹಾಕಿದ್ದವು. ಮುಂದಿನ ಬಂದರಿಗೂ ಬೇಕಾದಾನು ಎಂದು ಅವನನ್ನು ಬಿಡಲಿಲ್ಲ."

ಅಷ್ಟೇ. ಮುಂದೆ ಅವನ ಸುದ್ದಿ ಇಲ್ಲ. ಹೆಸರೂ ಇಲ್ಲ.

ಯಾಕೆ ಮುಚ್ಚಿಟ್ಟೆ ಎಂದು ಕೇಳುತ್ತೀಯ. ಓದಲು ಆ ದೇಶಕ್ಕೆ ಹೋದ ಮೊದಲ ವರ್ಷ ಒಂದು ಸಭೆಯಲ್ಲಿ ನಾನು ಅಪ್ಪನ ಮಾತು ಹೇಳಿದ್ದೆ. ಇಲ್ಲಿಯವರು ಹತ್ತದೆ ಹಡಗು ಒಳಗೆ ಬರಲು ಸಾಧ್ಯವಿಲ್ಲ, ನನ್ನ ತಂದೆ ಪೈಲಟ್ ಎಂದು. ನನ್ನ ಗುರುಗಳು ಒಳ್ಳೆಯ ಮನುಷ್ಯರು, ಬೈಯಲಿಲ್ಲ. "ನಿಮ್ಮ ತಂದೆಯವರ ಕಥೆ ಸೊಗಸಾಗಿದೆ. ಈಗ ಇತಿಹಾಸಕ್ಕೆ ಬರೋಣವೇ?" ಎಂದರು. ಎಲ್ಲರೂ ನಕ್ಕರು. ಅಕ್ಕಾ, ನಾನೂ ನಕ್ಕೆ. ಅವರೊಡನೆ ಸೇರಿ ಅಪ್ಪನನ್ನು ನೋಡಿ ನಕ್ಕೆ.

ಎರಡು ವರ್ಷದ ಮೇಲೆ ದಿನಚರಿಯಲ್ಲಿ ಈ ಸಾಲು ಸಿಕ್ಕಿದಾಗ ಎದ್ದು ಕುಣಿಯಬೇಕಿತ್ತು. ಹೆದರಿದೆ. ಇದನ್ನು ಬರೆದರೆ ಮತ್ತೆ ಅಪ್ಪನ ಮಗನಾಗುತ್ತೇನೆ, ಬರೆಯದಿದ್ದರೆ ಅವರಲ್ಲಿ ಒಬ್ಬನಾಗುತ್ತೇನೆ ಎನಿಸಿತು. ಪುಟ ತಿರುಗಿಸಿದೆ.

ತಜ್ಞರ ಅಭಿಪ್ರಾಯ ಕೇಳಿದಾಗಲೂ ಅದನ್ನೇ ಮಾಡಿದೆ. 'ಇಲ್ಲ' ಎಂಬ ಮೊದಲ ಪದ ನಿಜ, ಎರಡನೆಯ ವಾಕ್ಯ ಸುಳ್ಳು. ಅದನ್ನು ಬರೆಯುವಾಗಲೇ ನನಗೆ ಗೊತ್ತಿತ್ತು.

ದಿನಚರಿಯ ಪುಟದ ನಕಲು, ಗ್ರಂಥಾಲಯದ ಮೊಹರಿನ ಸಮೇತ ಇದರೊಂದಿಗೆ ಇದೆ. ವಿಚಾರಣೆಗೆ ಕೊಡು. ಮುಂದಿನ ಮುದ್ರಣದಿಂದ ನನ್ನ ಹೆಸರು ತೆಗೆಯಿರಿ ಎಂದು ಸಮಿತಿಗೆ ಬರೆದಿದ್ದೇನೆ.

ತಮ್ಮ

ಜೂನ್ 30

ತಮ್ಮಾ,

ನಿನ್ನ ಹಾಳೆಯನ್ನು ವಿಚಾರಣೆಗೆ ಕೊಟ್ಟೆವು. ಏನಾಯಿತು ಎಂದು ಕೇಳು.

ಮುಖ್ಯೋಪಾಧ್ಯಾಯಿನಿಯ ಕೋಣೆ. ಉದ್ದನೆಯ ಮೇಜು, ಮೇಲೆ ನಲವತ್ತೊಂದು ಉತ್ತರಪತ್ರಿಕೆಗಳ ಕಟ್ಟು. ಅಪ್ಪ ಇಸ್ತ್ರಿ ಮಾಡಿದ ಹಳೆಯ ಸಮವಸ್ತ್ರ ಹಾಕಿಕೊಂಡು ಬಂದಿದ್ದರು. ಬೇಡ ಎಂದೆ, ಕೇಳಲಿಲ್ಲ. ಅಧಿಕಾರಿ ಕೇಳಿದರು: "ನೀವು ಇತಿಹಾಸ ಓದಿದ್ದೀರಾ?"

"ಇಲ್ಲ ಸಾರ್. ಹಡಗು ತಂದಿದೀನಿ."

"ಮಕ್ಕಳಿಗೆ ಈ ಉತ್ತರ ಹೇಳಿಕೊಟ್ಟವರು ನೀವೇನಾ?"

"ಸಾರ್, ತಾವು ಬೆಳಿಗ್ಗೆ ಬಸ್ಸಿಂದ ಇಳಿದು, ಸ್ಕೂಲ್ ಎಲ್ಲಿ ಅಂತ ಹೂವಿನ ಅಂಗಡಿಯೋಳನ್ನ ಕೇಳಿದ್ರಂತೆ. ಅವಳು ತೋರಿಸಿದ್ಲು, ತಾವು ಬಂದ್ರಿ. ಹಂಗಂತ ಈ ಸ್ಕೂಲನ್ನ ಕಂಡುಹಿಡಿದೋರು ತಾವಾ?"

ಅಧಿಕಾರಿ ನಕ್ಕುಬಿಟ್ಟರು. ನಕ್ಕು, ಬರೆದುಕೊಂಡರು: "ಸಾಕ್ಷಿಯ ಹೇಳಿಕೆ ವಿಷಯಕ್ಕೆ ಸಂಬಂಧಿಸಿದ್ದಲ್ಲ."

ಆಗ ನಿನ್ನ ಹಾಳೆ ಮುಂದಿಟ್ಟೆ. ಎರಡು ಸಲ ಓದಿದರು. "ಚೆನ್ನಾಗಿದೆ ಮೇಡಂ. ನಿಜವೂ ಇರಬಹುದು. ಆದರೆ ಸಿಲಬಸ್ಸಿನಲ್ಲಿ ಇಲ್ಲವಲ್ಲ!" ಎಂದರು. ಇಷ್ಟು ದಿನ ದಾಖಲೆ ಇಲ್ಲ ಎಂಬ ಜಗಳ. ದಾಖಲೆ ಸಿಕ್ಕಿತು, ಈಗ ಅದಕ್ಕೆ ಜಾಗ ಇಲ್ಲ.

ತೀರ್ಪು: ನಕಲಿನ ಆರೋಪ ಬಿಟ್ಟರು, ಇತಿಹಾಸದ ಪರೀಕ್ಷೆ ಮತ್ತೆ ನಡೆಯಬೇಕು, ನನಗೆ ಇನ್ನು ಇತಿಹಾಸದ ತರಗತಿ ಕೊಡಬಾರದು. ಭೂಗೋಳ ಕೊಟ್ಟಿದ್ದಾರೆ. ಭೂಮಿಯನ್ನು ಯಾರು ಕಂಡುಹಿಡಿದರು ಎಂಬುದು ಅದರಲ್ಲಿ ಸದ್ಯಕ್ಕೆ ಇಲ್ಲ.

ಈಗ ಹೇಳಬೇಕಾದ್ದು ಹೇಳುತ್ತೇನೆ. ಮರುಪರೀಕ್ಷೆಗೆ ಮುಂಚೆ ತಾಯಂದಿರು ಗೇಟಿನ ಹತ್ತಿರ ನಿಂತಿದ್ದರು. ಒಬ್ಬಳು ಮೆಲ್ಲಗೇ ಹೇಳಿದಳು: "ಮೇಡಂ, ನೀವು ಹೇಳೋದೇ ಸರಿ ಇರಬಹುದು. ಆದ್ರೆ ನಿಮ್ಮ ಜಗಳಕ್ಕೆ ನಮ್ಮ ಮಕ್ಕಳನ್ನ ಮುಂದೆ ಬಿಡಬೇಡಿ." ಬೈದಿದ್ದರೆ ಎದುರು ಮಾತಾಡುತ್ತಿದ್ದೆ. ಅವಳು ಬೈಯಲಿಲ್ಲ.

ತರಗತಿಯ ಬಾಗಿಲು ಹಾಕಿ, ಬೋರ್ಡಿನ ಮೇಲೆ ನನ್ನ ಕೈಯಾರೆ ಬರೆದೆ: "ಈ ಕರಾವಳಿಯನ್ನು ಯುರೋಪಿನ ನಾಯಕನೊಬ್ಬನು ಕಂಡುಹಿಡಿದನು." ಇದನ್ನೇ ಬರೆಯಿರಿ ಎಂದೆ. ಮಕ್ಕಳು ತಲೆ ಬಗ್ಗಿಸಿ ಬರೆದುಕೊಂಡರು. ಯಾಕಮ್ಮ ಮಾತ್ರ ಪೆನ್ನು ಎತ್ತಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಅವಳು ಯಾಕೆ ಎಂದು ಕೇಳಲಿಲ್ಲ.

ಮರುಪರೀಕ್ಷೆಯಲ್ಲೂ ಅದೇ ಪ್ರಶ್ನೆ ಬಂತು. ನಲವತ್ತು ಮಕ್ಕಳು ಪಾಸಾದರು. ಯಾಕಮ್ಮ ಮೊದಲು ಬರೆದದ್ದನ್ನೇ ಮತ್ತೆ ಬರೆದಳು. ಹತ್ತು ಅಂಕ ಹೋಯಿತು, ಆರು ಅಂಕದಿಂದ ಫೇಲು. ಬಲೆ ಹೆಣೆಯಲು ಕೂತಿದ್ದಾಳೆ.

ನೀನು ಹೆಸರು ತೆಗೆಸುತ್ತೀಯಂತೆ. ಎಷ್ಟು ಅಚ್ಚುಕಟ್ಟು! ಸಾಲು ಪುಸ್ತಕದಲ್ಲೇ ಇರಲಿ, ನಿನ್ನ ಮೈಗೆ ಮಾತ್ರ ಕೆಸರು ಬೇಡ. ಆ ಸಾಲಿನ ಕೆಳಗೆ ನಾಳೆ ಇನ್ನೊಬ್ಬನ ಹೆಸರು ಬರುತ್ತದೆ, ಅವನಿಗೆ ದಿನಚರಿಯ ಪುಟ ಗೊತ್ತೂ ಇರುವುದಿಲ್ಲ. ಹೆಸರು ತೆಗೆಯಬೇಡ. ಹೆಸರಿಟ್ಟುಕೊಂಡು, ನಾನು ಬರೆದದ್ದು ಸುಳ್ಳು ಎಂದು ಹೇಳು. ಹದಿನಾರು ವರ್ಷದ ಹುಡುಗಿಯಿಂದ ಆದದ್ದು ನಿನ್ನಿಂದ ಆಗುವುದಿಲ್ಲವೇ? ನಿನ್ನಿಂದ, ನನ್ನಿಂದ?

ಅಪ್ಪನಿಗೆ ಹಾಳೆ ಓದಿ ಹೇಳಿದಾಗ ನಿನ್ನ ಬಗ್ಗೆ ಏನೂ ಅನ್ನಲಿಲ್ಲ. "ಬಿಡ್ಲಿಲ್ವಂತಾ ಅವನ್ನ? ಪಾಪ, ಮನೇಲಿ ಕಾಯ್ತಿರ್ತಾರೆ" ಎಂದರು. ಊಟಕ್ಕೆ ಏಳಲಿಲ್ಲ.

ಅಕ್ಕ

ಆಗಸ್ಟ್ 21

ಅಕ್ಕಾ,

ಹೆಸರು ತೆಗೆಯಿರಿ ಎಂಬ ಅರ್ಜಿಯನ್ನು ವಾಪಸ್ ಪಡೆದೆ.

ಸಮಿತಿಯ ಸಭೆ ಮೊನ್ನೆ ನಡೆಯಿತು. ದಿನಚರಿಯ ಪುಟವನ್ನು ಉಳಿದ ಆರು ಜನರಿಗೂ ಹಂಚಿದೆ. ಯಾರೂ ಸುಳ್ಳು ಎನ್ನಲಿಲ್ಲ. ಅಧ್ಯಕ್ಷರು, "ಒಂದು ಅಡಿಟಿಪ್ಪಣಿ ಹಾಕೋಣ ಬಿಡಿ, ಯಾಕೆ ರಂಪ?" ಎಂದು ಅಲ್ಲೇ ಬರೆದು ಓದಿದರು: "ಸ್ಥಳೀಯರ ನೆರವಿನಿಂದ."

"ಹಿಡ್ಕೊಂಡು ಹೋಗಿದ್ದು ನೆರವಾ ಸಾರ್?" ಎಂದೆ. ನನ್ನ ದನಿ ಎಷ್ಟು ಏರಿತ್ತೆಂದರೆ ಹೊರಗಿದ್ದ ಟೈಪಿಸ್ಟ್ ಬಾಗಿಲಲ್ಲಿ ಇಣುಕಿದಳು. "ಇಪ್ಪತ್ತೆರಡು ಹಡಗು ನಿಂತಿರೋ ಬಂದರನ್ನ ಇಪ್ಪತ್ಮೂರನೇ ಹಡಗಿನೋನು ಕಂಡುಹಿಡಿಯೋದು ಹೆಂಗೆ? ಉಳಿದೋರೆಲ್ಲ ಮನುಷ್ಯರಲ್ವಾ? ಮಕ್ಕಳ ಕೈಲಿ ಇದನ್ನ ಬರೆಸಿ, ಬರೀದೇ ಇದ್ದೋಳನ್ನ ಫೇಲ್ ಮಾಡಿ ಕೂತಿದೀವಲ್ಲ, ನಮಗೆ ಊಟ ಹೆಂಗೆ ಸೇರತ್ತೆ?"

"ನೀವೇ ಬರೆದದ್ದಲ್ಲವೇ?" ಎಂದರು ಅವರು. "ಹೌದು, ನಾನೇ ಬರೆದೆ. ಗೊತ್ತಿದ್ದೇ ಬರೆದೆ. ಇದನ್ನೂ ನಡಾವಳಿಯಲ್ಲಿ ಬರ್ಕೊಳ್ಳಿ" ಎಂದೆ.

ತಜ್ಞನಾಗಿ ನಾನು ಕೊಟ್ಟ ಅಭಿಪ್ರಾಯ ಸುಳ್ಳು, ಹುಡುಗಿಯ ಉತ್ತರವೇ ಸರಿ ಎಂದು ಲಿಖಿತ ಹೇಳಿಕೆ ಕೊಟ್ಟು, ಪ್ರತಿಯನ್ನು ಪರೀಕ್ಷಾ ಮಂಡಳಿಗೂ ಕಳಿಸಿದೆ. ಸಮಿತಿಯಿಂದ ತೆಗೆದಿದ್ದಾರೆ. ಕಚೇರಿಯ ಕೆಲಸವೂ ಈ ತಿಂಗಳಿಗೆ ಮುಗಿಯಿತು. ಆ ಸಾಲು ಮುಂದಿನ ಮುದ್ರಣದಲ್ಲೂ ಹಾಗೆಯೇ ಇರುತ್ತದೆ, ಪುಸ್ತಕ ಆಗಲೇ ಅಚ್ಚಿಗೆ ಹೋಗಿದೆಯಂತೆ. ಅಂಕದ ವಿಷಯ ಮಂಡಳಿಯವರು ಪರಿಶೀಲಿಸುತ್ತಾರಂತೆ.

ಅಂದು ಗುರುಗಳ ಮುಂದೆ ನಾನು ನಕ್ಕದ್ದನ್ನು ಅಪ್ಪನಿಗೆ ಹೇಳಿದ್ದೀಯಾ? ಹೇಳಿರದಿದ್ದರೆ ಹೇಳಬೇಡ. ನಾನೇ ಹೇಳುತ್ತೇನೆ.

ತಮ್ಮ

ಸೆಪ್ಟೆಂಬರ್ 18

ತಮ್ಮಾ,

ಯಾಕಮ್ಮನ ಹೊಸ ಅಂಕಪಟ್ಟಿ ಬಂತು. ಹತ್ತಕ್ಕೆ ಹತ್ತು. ಪಾಸು. ಅಂಚೆಯವನಿಂದ ಇಸಿದುಕೊಂಡು ಓಡಿಹೋಗಿ ಕೊಟ್ಟೆ. ಅವಳ ಅಮ್ಮ ಕಣ್ಣೊರೆಸಿಕೊಂಡಳು.

ಹುಡುಗಿ ಮಾತ್ರ ಅಂಕಪಟ್ಟಿಯ ಜೊತೆಗಿದ್ದ ಮಂಡಳಿಯ ಕಾಗದವನ್ನು ನಿಧಾನವಾಗಿ ಓದುತ್ತಿದ್ದಳು. "ಸದರಿ ಪ್ರಶ್ನೆಗೆ ಎರಡೂ ಉತ್ತರಗಳನ್ನು ಮಾನ್ಯ ಮಾಡಲಾಗಿದೆ" ಎಂದು ಅದರಲ್ಲಿದೆ. ಓದಿ ಮುಗಿಸಿ ತಲೆ ಎತ್ತಿದಳು.

"ಟೀಚರ್, ಕಂಡುಹಿಡಿದ ಅಂತ ಬರೆದ ನಲವತ್ತು ಜನಕ್ಕೂ ಹತ್ತು ಅಂಕ ಇದೆಯಾ?"

"ಇದೆಯಮ್ಮ."

"ಕಂಡುಹಿಡಿಲಿಲ್ಲ ಅಂತ ಬರೆದ ನಂಗೂ ಹತ್ತು."

"ಹೌದು."

"ಎರಡೂ ಹೆಂಗೆ ಟೀಚರ್ ಸರಿ ಆಗತ್ತೆ? ಆ ದೋಣಿಯೋನನ್ನ ಹಿಡ್ಕೊಂಡು ಹೋದ್ರೋ ಇಲ್ವೋ?"

ದಿನಚರಿಯ ಆ ಪುಟವನ್ನು ಅವಳಿಗೆ ಓದಿ ಹೇಳಿದ್ದವಳು ನಾನೇ. ಅವಳು ಸಿಟ್ಟಿನಿಂದ ಕೆಂಪಾಗಿದ್ದಳು. ಪಾಸಾದ ಮಗುವಿನ ಮುಖ ಹಾಗಿರುವುದನ್ನು ಪಾಠ ಮಾಡಿದ ಇಪ್ಪತ್ತೆಂಟು ವರ್ಷಗಳಲ್ಲಿ ನಾನು ಎಂದೂ ಕಂಡಿರಲಿಲ್ಲ.

"ಈ ಪುಸ್ತಕ ಬರೆದವರು ನನ್ನ ತಮ್ಮ, ಅವರನ್ನೇ ಕೇಳು" ಎಂದೆ. ಶನಿವಾರ ಮನೆಗೆ ಬರುತ್ತಾಳಂತೆ, ಮಿಕ್ಕ ನಲವತ್ತು ಮಕ್ಕಳನ್ನೂ ಕರೆದುಕೊಂಡು. ನೀನು ಶುಕ್ರವಾರವೇ ಬಂದುಬಿಡು. ಹೇಗೂ ಕೆಲಸವಿಲ್ಲವಲ್ಲ.

ಅಕ್ಕ